ಎಂಟು ಯೂರೋದ ಗುಳ್ಳೆ

ಶಾಂಪೇನ್ ಅಂದರೆ ಕಾರ್ ರೇಸ್ ಗೆದ್ದವರು ಒಬ್ಬರ ಮೇಲೊಬ್ಬರು ಎರಚಿಕೊಳ್ಳುವ ಓಕುಳಿ ಎಂದೇ ನಾನು ತಿಳಿದಿದ್ದೆ. ಅಂಥದ್ದನ್ನು ಕುಡಿದದ್ದು ಫ್ರಾನ್ಸಿನ ಟುಲೂಸಿನಲ್ಲಿ, ಮಗಳ ಮನೆಯಲ್ಲಿ. ಅದೂ ಅಸಲಿ ಶಾಂಪೇನ್ ಅಲ್ಲ. ಹಾಲು, ಈರುಳ್ಳಿಯ ಜೊತೆ ಅಳಿಯಂದಿರು ತಂದ 8 ಯೂರೋದ ಬಾಟಲಿ. ‘ಬ್ಲಾಂಕೆತ್ ದ ಲಿಮೂ’ ಅಂತ ಹೆಸರು. “ಲಿಮೂ ಇಲ್ಲಿಂದ ಸುಮಾರು ನೂರು ಕಿಲೋಮೀಟರ್, ಮಾವ” ಅಂದರು.

ನನ್ನಾಕೆ ಲೇಬಲ್ ಮೇಲಿನ ‘ಬ್ರೂಟ್’ ಓದಿ, “ಕುಡಿದೋರು ಏನಾಗ್ತಾರೆ ಅಂತ ಮೊದಲೇ ಬರೆದಿದಾರಲ್ಲೇ” ಎಂದು ಮಗಳಿಗೆ ಹೇಳಿದಳು. ಬ್ರೂಟ್ ಅಂದರೆ ಸಕ್ಕರೆ ಕಮ್ಮಿ, ಲೀಟರಿಗೆ 12 ಗ್ರಾಮಿನೊಳಗೆ, ಅಷ್ಟೇ. ‘ಎಕ್ಸ್‌ಟ್ರಾ ಡ್ರೈ’ ಅಂತ ಬರೆದದ್ದು ಇದಕ್ಕಿಂತ ಸಿಹಿಯಂತೆ! ನಮ್ಮೂರಲ್ಲಿ ‘ಇಲ್ಲೇ ಹತ್ತಿರ’ ಅಂದರೆ ನಾಲ್ಕು ಮೈಲಿ ಇರುವ ಹಾಗೆ.

ಗೋಲಿ ಸೋಡಾ ಒಡೆದು ಪಳಗಿದ ಹೆಬ್ಬೆರಳು ನನ್ನದು. ಮುಂದಾದೆ. ಅಳಿಯಂದಿರು ತಡೆದರು. ಒಳಗಿನ ಒತ್ತಡ ಕಾರಿನ ಟೈರಿನದಕ್ಕಿಂತ ಎರಡು ಪಟ್ಟು ಮೀರಿದ್ದು. ತಂತಿ ಸಡಿಲಿಸಿ, ಬಿರಡೆಯನ್ನು ಬಿಗಿ ಹಿಡಿದು, ಬಾಟಲಿಯನ್ನು ತಿರುಗಿಸಬೇಕು. ‘ಢಂ’ ಅನ್ನಲಿಲ್ಲ, ‘ಉಸ್ಸ್’ ಅಂದಿತು. ನನಗೆ ಸ್ವಲ್ಪ ನಿರಾಸೆಯೇ ಆಯಿತು.

ಸೋಡಾದ ಗ್ಯಾಸು ಯಂತ್ರ ತುಂಬಿದ್ದು. ಇದು ಬಾಟಲಿಯೊಳಗೇ ಹುಟ್ಟಿದ್ದು. ತಯಾರಾದ ವೈನಿಗೆ ಸಕ್ಕರೆ, ಯೀಸ್ಟ್ ಹಾಕಿ ಬಾಯಿ ಬಿಗಿದುಬಿಡುತ್ತಾರೆ. ಗ್ಯಾಸು ಹೋಗಲು ದಾರಿಯಿಲ್ಲದೆ ವೈನಿನಲ್ಲೇ ಕರಗಿ ಕೂರುತ್ತದೆ. ಕಡೆಗೆ ಗಸಿಯನ್ನು ಕತ್ತಿಗೆ ಇಳಿಸಿ ತೆಗೆಯುತ್ತಾರೆ. ಶಾಂಪೇನಿನದೂ ಇದೇ ವಿಧಾನ. ಆದರೆ ‘ಶಾಂಪೇನ್ ವಿಧಾನ’ ಎಂದು ಶಾಂಪೇನ್ ಸೀಮೆಯ ಹೊರಗಿನವರು ಬರೆಯುವುದಕ್ಕೆ 1994ರಿಂದ ಯುರೋಪಿನಲ್ಲಿ ಅಡ್ಡಿ. ‘ಉಡುಪಿ ಹೋಟೆಲ್’ ಬೋರ್ಡನ್ನು ದಿಲ್ಲಿಯಲ್ಲೂ ನೇತುಹಾಕುವ ನಮಗೆ ಇದು ಅರ್ಥವಾಗುವುದು ಕಷ್ಟ. ತಮಾಷೆಯೆಂದರೆ, ಲಿಮೂ ಬಳಿಯ ಸೇಂಟ್ ಇಲೇರ್ ಮಠದ ಸಂನ್ಯಾಸಿಗಳು 1531ರಲ್ಲೇ ಗುಳ್ಳೆಯ ವೈನ್ ಮಾಡಿದ್ದರು ಅನ್ನುತ್ತಾರೆ ಆ ಊರಿನವರು. ಶಾಂಪೇನಿನ ಕೀರ್ತಿಯನ್ನೆಲ್ಲ ಹೊತ್ತ ದೋಂ ಪೆರಿನ್ಯೋ ಹುಟ್ಟಿದ್ದೇ 1638ರಲ್ಲಿ. ಅಣ್ಣನಿಗೆ 8 ಯೂರೋ, ತಮ್ಮನಿಗೆ ಅದರ ನಾಲ್ಕೈದು ಪಟ್ಟು!

ಮೊದಲ ಗುಟುಕಿಗೆ ಸೇಬಿನ ಸಿಪ್ಪೆಯ ವಾಸನೆ. ಅದು ಮೋಜಾಕ್ ದ್ರಾಕ್ಷಿಯ ಗುಣವಂತೆ. ಆಮೇಲೆ ನಾಲಿಗೆಯಂಚಿಗೆ ಹುಳಿ, ಮೂಗಿಗೆ ಚುರುಕು. ಹಿಂದೆ ಇನ್ನೇನೋ ಇತ್ತು, ತೀರಾ ಪರಿಚಯದ್ದು, ಹೆಸರು ಮಾತ್ರ ಹೊಳೆಯದು. ಕುಡಿಯದ ನನ್ನಾಕೆ ಲೋಟ ಮೂಸಿ ಒಂದೇ ಕ್ಷಣದಲ್ಲಿ ಹೇಳಿದಳು: “ದೋಸೆ ಹಿಟ್ಟು ರೀ. ಇನ್ನೂ ಪೂರ್ತಿ ಹುಳಿ ಬಂದಿಲ್ಲ.”

ಒಂಬತ್ತು ತಿಂಗಳು ಗಸಿಯ ಮೇಲೆ ಕೂತಿದ್ದಕ್ಕೆ ಇಷ್ಟೇ ಪ್ರಮಾಣಪತ್ರ.

ಬಾಟಲಿಯಲ್ಲಿ ಕಾಲುಭಾಗ ಉಳಿಯಿತು. ಚೆಲ್ಲಲು ಹೊರಟ ಮಗಳನ್ನು ನನ್ನಾಕೆಯೇ ತಡೆದಳು. “ಇಡೇ ಅದನ್ನ. ಮಂಗಳೂರಲ್ಲಿದ್ದಾಗ ಪಕ್ಕದ ಮನೆಯೋರು ಸನ್ನದ ಹಿಟ್ಟಿಗೆ ಶೇಂದಿ ಹಾಕ್ತಿದ್ರು. ಈ ಚಳೀಲಿ ನನ್ನ ಇಡ್ಲಿ ಹಿಟ್ಟು ಮೂರು ದಿನದಿಂದ ಉಬ್ಬಿಲ್ಲ.”