ಹಾರ್ಡಿಯ ಹೆಸರಿನ ಸೀಸೆ

ಬಾರ್ಲಿ ವೈನಿನಲ್ಲಿ ದ್ರಾಕ್ಷಿಯ ಹನಿಯೂ ಇಲ್ಲ. ಮೊಳೆತ ಬಾರ್ಲಿಯ ಬಿಯರಿಗೆ ದ್ರಾಕ್ಷಾಮದ್ಯದ ಕಸುವು ಬಂದುದರಿಂದ ಆ ಹೆಸರು. ಇಂಗ್ಲೆಂಡಿನ ಕಾದಂಬರಿಕಾರ ಥಾಮಸ್ ಹಾರ್ಡಿ ತನ್ನ ಸೀಮೆಯ ಡಾರ್ಚೆಸ್ಟರ್ ಬಿಯರನ್ನು 1880ರ ‘ಟ್ರಂಪೆಟ್ ಮೇಜರ್’ ಕಾದಂಬರಿಯಲ್ಲಿ ಮನಸಾರೆ ಹೊಗಳಿದ್ದನು. ಅವನು ತೀರಿಕೊಂಡ ನಲವತ್ತು ವರ್ಷಗಳಿಗೆ, 1968ರಲ್ಲಿ, ಆ ಊರಿನ ಎಲ್ಡ್ರಿಜ್ ಪೋಪ್ ಕಂಪನಿ ಅವನ ಹೆಸರಿನದೇ ಒಂದನ್ನು ಸೀಸೆಗೆ ತುಂಬಿತು. ನೂರಕ್ಕೆ ಸುಮಾರು 12 ಪಾಲು ಮದ್ಯಸಾರ! ಹೊಸದರಲ್ಲಿ ಹಾಪ್ ಹೂವಿನ ಕಹಿ ನಾಲಗೆಯನ್ನು ಬಿಗಿಹಿಡಿಯುತ್ತದೆ; ಬಿಯರನ್ನು ಕೆಡದಂತೆ ಕಾಯುವುದೂ ಆ ಹೂವೇ. ವರ್ಷಗಳುರುಳಿದಂತೆ ಕಹಿ ಹಿಂದೆ ಸರಿದು ಒಣದ್ರಾಕ್ಷಿ, ಕಾಕಂಬಿಗಳನ್ನು ನೆನಪಿಸುವ ಸವಿ ಮೇಲೇಳುತ್ತದೆ. ಮಂಜಿನಂತೆ ತಣ್ಣಗಾಗಿಸಿ ಗಟಗಟನೆ ಕುಡಿಯುವವನಿಗೆ ಇದೊಂದೂ ದಕ್ಕದು. ಇಪ್ಪತ್ತೈದು ವರ್ಷ ಇಡಬಹುದೆಂದು ಮಾಡಿದವರೇ ಹೇಳಿದ್ದರು. ಅರವತ್ತರ ಗೃಹಸ್ಥನು ಕೊಂಡಿಟ್ಟ ಸೀಸೆಯನ್ನು ತೆರೆಯುವವನು ಮಗನೋ, ಮೊಮ್ಮಗನೋ!