ಮರೆವಿನ ನಡುವೆ ಉಳಿಯುವ ಹಾಡು

ಮುಪ್ಪಿನಲ್ಲಿ ಕನ್ನಡಕವನ್ನು ಎಲ್ಲಿಟ್ಟೆವೆಂದು ಮರೆಯುವುದು ಸಹಜ. ಕೈಯಲ್ಲಿರುವ ಕನ್ನಡಕ ಯಾವುದಕ್ಕೆಂದೇ ತಿಳಿಯದಾದರೆ, ಹೆತ್ತ ಮಗನೇ ಅಪರಿಚಿತನಾದರೆ, ಅದು ವಯೋಧರ್ಮವಲ್ಲ, ಮಿದುಳಿನ ರೋಗ. ವೈದ್ಯರು ಅದನ್ನು ಡಿಮೆನ್ಷಿಯಾ ಎನ್ನುತ್ತಾರೆ. ೨೦೨೩ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ, ಭಾರತದಲ್ಲಿ ಅರವತ್ತು ವರ್ಷ ದಾಟಿದ ಸುಮಾರು ೮೮ ಲಕ್ಷ ಜನರಿಗೆ ಈ ವ್ಯಾಧಿಯಿದೆ.

ಇಂಥ ಹಿರಿಯರು ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ. ಉಂಡ ಮೇಲೂ ಊಟವಾಗಿಲ್ಲವೆನ್ನುತ್ತಾರೆ. ಅರಿಯದವರಿಗೆ ಇದು ಹಟವೆನಿಸುತ್ತದೆ. ನಾಲ್ಕು ಜನರೆದುರು ನಾಚಿಕೆಯೆಂದು ಮನೆಯವರು ಅವರನ್ನು ಮದುವೆಗೂ ಭಜನೆಗೂ ಕರೆದೊಯ್ಯುವುದನ್ನು ನಿಲ್ಲಿಸುತ್ತಾರೆ. ರೋಗ ಕಸಿದುಕೊಂಡದ್ದು ನೆನಪನ್ನು. ಸಂಗವನ್ನು ಕಸಿದುಕೊಳ್ಳುವವರು ಆಪ್ತರೇ.

ಮಾತು ಸೋತ ಮೇಲೂ ಹಾಡು ಉಳಿಯುವುದುಂಟು. ಮೊಮ್ಮಗನ ಹೆಸರು ಹೊಳೆಯದ ಅಜ್ಜಿ, ಎಳವೆಯಲ್ಲಿ ಕಲಿತ ಹಾಡನ್ನು ಯಾರಾದರೂ ಎತ್ತಿಕೊಟ್ಟರೆ ಮುಂದಿನ ನುಡಿಯನ್ನು ತಾವೇ ಹಾಡಬಲ್ಲರು. ಇದನ್ನು ಅರಿತೇ ಬ್ರಿಟನ್ನಿನ ಆಲ್‌ಝೈಮರ್ಸ್ ಸೊಸೈಟಿಯು ರೋಗಿಗಳೂ ಆರೈಕೆ ಮಾಡುವವರೂ ಜೊತೆಗೂಡಿ ಹಾಡುವ ಕೂಟಗಳನ್ನು ನಡೆಸುತ್ತ ಬಂದಿದೆ. ಹಾಡಿನಿಂದ ರೋಗ ವಾಸಿಯಾಗದು. ಕಳವಳ ತಗ್ಗೀತು, ಮುಖದಲ್ಲಿ ಗೆಲುವು ಮೂಡೀತು.

ಕರ್ನಾಟಕದ ಊರೂರಿನಲ್ಲಿ ಭಜನಾ ಮಂಡಳಿಗಳಿವೆ. ಅಲ್ಲಿ ಇಂಥವರಿಗೆ ಒಂದು ಕುರ್ಚಿ, ಹಳೆಯ ಹಾಡು, ಪಕ್ಕದಲ್ಲೊಬ್ಬರು ಪರಿಚಿತರು ಇದ್ದರೆ ಸಾಕು. ಅಬ್ಬರದ ಧ್ವನಿವರ್ಧಕ ಬೇಡ. ತಪ್ಪಿದ ಸಾಲನ್ನು ತಿದ್ದುವುದೂ, "ನಾನು ಯಾರು, ಹೇಳಿ ನೋಡೋಣ" ಎಂದು ಪರೀಕ್ಷಿಸುವುದೂ ಬೇಡ. ಲಕ್ಷಣ ಕಂಡೊಡನೆ ವೈದ್ಯರಲ್ಲಿಗೆ ಕರೆದೊಯ್ಯುವುದು ಮನೆಯವರ ಕರ್ತವ್ಯ. ಬಂದ ಹಿರಿಯರಿಗೆ ನಡುವೆ ಜಾಗ ಬಿಟ್ಟುಕೊಡುವುದು ಸಮಾಜದ ಕರ್ತವ್ಯ.