ಉಪ್ಪುಗಾಳಿಯ ಊರಲ್ಲಿ ಮೊಬೈಲ್ ರಿಪೇರಿ

ನಮ್ಮ ಕಡಲಂಚಿನ ಊರು ಮಂಕಿಯಲ್ಲಿ ಮೊಬೈಲ್ ಸಾಯುವ ರೀತಿಯೇ ಬೇರೆ. ಬೆಂಗಳೂರಲ್ಲಿ ಇದೇ ಕಸುಬು ಮಾಡುವ ನನ್ನ ಸ್ನೇಹಿತನ ಮೇಜಿಗೆ ಬರುವುದು ಹೆಚ್ಚಾಗಿ ಕೈಜಾರಿ ಬಿದ್ದು ಗಾಜು ಒಡೆದ ಸೆಟ್‌ಗಳು. ನನ್ನ ಮೇಜಿಗೆ ಬರುವವು ಹೊರಗೆ ಒಂದು ಗೀರೂ ಇಲ್ಲದೆ ಒಳಗೆ ಹಸಿರುಗಟ್ಟಿದವು. ಹೆದ್ದಾರಿ ದಾಟಿ ಬಣಸಾಲೆಯ ಕಡೆ ಇಳಿದರೆ ಕಡಲು. ವರ್ಷಕ್ಕೆ 3000 ಮಿ.ಮೀ. ದಾಟುವ ಮಳೆ, ಮಳೆ ನಿಂತ ಮೇಲೂ ಬಿಡದ ಉಪ್ಪಿನ ಗಾಳಿ. ಕಿಟಕಿಯ ಸರಳು, ಸೈಕಲ್ಲಿನ ಚೈನು, ಬಾಗಿಲ ಬೀಗ ಎಲ್ಲವನ್ನೂ ತಿನ್ನುವ ಗಾಳಿ ಮೊಬೈಲನ್ನು ಬಿಟ್ಟೀತೇ?

ನಾನು ಈ ಕೆಲಸಕ್ಕೆ ಬಂದದ್ದು ಟೇಪ್ ರೆಕಾರ್ಡರ್ ಮೂಲಕ. ಗಲ್ಫಿಗೆ ಹೋದವರು ಊರಿಗೆ ಪತ್ರದ ಬದಲು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳಿಸುತ್ತಿದ್ದ ಕಾಲ. ಊರಿನ ನವಾಯತ ಮುಸ್ಲಿಮರ ಮನೆಗಳಲ್ಲಿ ಒಳ್ಳೊಳ್ಳೆಯ ಟೇಪ್‌ಗಳಿದ್ದವು. ಮಳೆಗಾಲದಲ್ಲಿ ಅವುಗಳ ಹೆಡ್ಡಿಗೆ ಬೂಷ್ಟು, ಸ್ಪ್ರಿಂಗಿಗೆ ತುಕ್ಕು. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒರೆಸುವುದೇ ಅರ್ಧ ರಿಪೇರಿ. ಆಮೇಲೆ ಬಂದ ಎಸ್‌ಟಿಡಿ ಬೂತುಗಳ ಮುಂದೆ ರಾತ್ರಿ ದರ ಇಳಿಯುವ ಹೊತ್ತಿಗೆ ಸಾಲು ನಿಲ್ಲುತ್ತಿತ್ತು. 2002ರ ಅಕ್ಟೋಬರ್‌ನಲ್ಲಿ ಬಿಎಸ್ಸೆನ್ನೆಲ್ ಮೊಬೈಲ್ ಸೇವೆ ಶುರುಮಾಡಿತು. 2003ರ ಮೇಯಿಂದ ಬರುವ ಕರೆಗೆ ದುಡ್ಡಿಲ್ಲ ಎಂದಾಯಿತು. ಬೂತುಗಳ ಹಳದಿ ಬೋರ್ಡುಗಳು ಒಂದೊಂದಾಗಿ ಇಳಿದವು, ಟೇಪುಗಳು ಅಟ್ಟ ಸೇರಿದವು. ನನ್ನ ಮೇಜಿನ ಮೇಲಿದ್ದ ಅದೇ ಸಾಲ್ಡರಿಂಗ್ ಕಡ್ಡಿ ಮೊಬೈಲಿನ ಕೆಲಸಕ್ಕೆ ಬಂತು.

ನಮ್ಮ ಊರಿಗೆ ಹೇಳಿ ಮಾಡಿಸಿದ ಹಾಗೆ ಬಂದದ್ದು ನೋಕಿಯಾ 1100. ಅದರ ಕೀಲಿಗಳು ಒಂದೇ ಹಾಳೆಯ ರಬ್ಬರು. ಸಂದಿಯಿಲ್ಲದ್ದರಿಂದ ದೂಳು, ಹನಿ ಸುಲಭವಾಗಿ ಒಳಗಿಳಿಯುತ್ತಿರಲಿಲ್ಲ. ತಲೆಯಲ್ಲೊಂದು ಟಾರ್ಚು. ಯಕ್ಷಗಾನದ ಆಟ ನೋಡಿ ಬೆಳಗಿನ ಜಾವ ಗದ್ದೆಯ ಅಂಚಿನಲ್ಲಿ ಮನೆಗೆ ಹೋಗುವವರಿಗೆ, ನಟ್ಟಿರುಳಲ್ಲಿ ಗದ್ದೆಗೆ ನೀರು ಕಟ್ಟಲು ಹೋಗುವವರಿಗೆ ಅದು ಕರೆಗಿಂತ ಹೆಚ್ಚು ಬಳಕೆಗೆ ಬಂತು. ಜಗತ್ತಿನಲ್ಲಿ 25 ಕೋಟಿಗೂ ಮೀರಿ ಮಾರಾಟವಾದ ಸೆಟ್ಟು ಅದು. ನಾನು ಅದನ್ನು ಮೆಚ್ಚುವುದು ಬೇರೆ ಕಾರಣಕ್ಕೆ. ಉಗುರಿನಿಂದ ಹಿಂದಿನ ಮುಚ್ಚಳ ತೆಗೆದರೆ ಬ್ಯಾಟರಿ ಕೈಗೆ ಬರುತ್ತಿತ್ತು. ತೋಡಿಗೆ ಬಿದ್ದರೆ ಯಜಮಾನನೇ ಬ್ಯಾಟರಿ ಕಿತ್ತು ಲುಂಗಿಯ ತುದಿಯಲ್ಲಿ ಒರೆಸಿ, ಒಲೆಯ ಮೇಲಿನ ಅಟ್ಟದಲ್ಲಿ ಎರಡು ದಿನ ಇಟ್ಟು ಮತ್ತೆ ಹಾಕಿಕೊಳ್ಳುತ್ತಿದ್ದ. ಹೆಚ್ಚಿನ ಸಲ ಹೊತ್ತಿಕೊಳ್ಳುತ್ತಿತ್ತು. ಸಂಪರ್ಕ ಸಡಿಲವಾದರೆ ಕಾಗದ ಮಡಚಿ ಬ್ಯಾಟರಿಯ ಪಕ್ಕ ತುರುಕುವುದು, ತಗಡು ಕಪ್ಪಾದರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜುವುದು ಶಾಲೆಯ ಮಕ್ಕಳಿಗೂ ಗೊತ್ತಿತ್ತು. ಬ್ಯಾಟರಿ ಉಬ್ಬಿದೆಯೋ ಎಂದು ನೋಡಲು ಅದನ್ನು ಮೇಜಿನ ಮೇಲಿಟ್ಟು ಬೆರಳಿನಿಂದ ತಿರುಗಿಸಬೇಕು. ಚಪ್ಪಟೆಯಿದ್ದರೆ ನಿಲ್ಲುತ್ತದೆ, ಹೊಟ್ಟೆ ಬಂದಿದ್ದರೆ ಬುಗುರಿಯಂತೆ ಸುತ್ತುತ್ತದೆ. ಈ ಪರೀಕ್ಷೆಯನ್ನು ನನಗೆ ಹೇಳಿಕೊಟ್ಟವರು ಒಬ್ಬ ಮೀನುಗಾರರು.

2007ರ ಆಗಸ್ಟ್ ನನಗೆ ಚೆನ್ನಾಗಿ ನೆನಪಿದೆ. ಬಿಎಲ್-5ಸಿ ಎಂಬ ಬ್ಯಾಟರಿಯಲ್ಲಿ ದೋಷವಿದೆ, ಚಾರ್ಜ್ ಮಾಡುವಾಗ ವಿಪರೀತ ಬಿಸಿಯಾಗಬಹುದು ಎಂದು ನೋಕಿಯಾ ಪ್ರಕಟಿಸಿತು. 2005ರ ಡಿಸೆಂಬರ್‌ನಿಂದ 2006ರ ನವೆಂಬರ್ ನಡುವೆ ಜಪಾನಿನ ಮತ್ಸುಶಿತ ಕಂಪನಿ ತಯಾರಿಸಿದ 4 ಕೋಟಿ 60 ಲಕ್ಷ ಬ್ಯಾಟರಿಗಳು ಆ ಪಟ್ಟಿಯಲ್ಲಿದ್ದವು. ಟಿ.ವಿ.ಯಲ್ಲಿ ಸುದ್ದಿ ಬಂದದ್ದೇ ತಡ, ಊರಿನಲ್ಲಿ ಭಯ ಹಬ್ಬಿತು. ಬ್ಯಾಟರಿ ತೆಗೆದು ಅಂಗಳದ ಕಟ್ಟೆಯ ಮೇಲಿಟ್ಟು ದೂರ ನಿಂತವರಿದ್ದರು. ಬ್ಯಾಟರಿಯ ಬೆನ್ನಿನ ಮೇಲಿನ 26 ಅಕ್ಷರಗಳ ಸಂಖ್ಯೆಯನ್ನು ಕನ್ನಡಕ ಹಾಕಿಕೊಂಡು ಓದಿ, ಕಾಗದದ ಮೇಲೆ ಬರೆದು ಹೊಂದಿಸಿ ನೋಡುವುದೇ ಆ ದಿನಗಳ ಕೆಲಸ. ಲಿಥಿಯಂ ಎಂಬ ಹೆಸರನ್ನು ಮಂಕಿಯ ಜನ ಮೊದಲು ಕೇಳಿದ್ದು ಆಗಲೇ ಇರಬೇಕು. ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದ ಲಿಥಿಯಂ ಅಯಾನ್ ಬ್ಯಾಟರಿ ಅಷ್ಟು ಹೊತ್ತಿಗೆ ನಮ್ಮೆಲ್ಲರ ಅಂಗಿಯ ಜೇಬು ಸೇರಿತ್ತು.

ದುಬೈಯಿಂದ ಬಂದವರು ತರುತ್ತಿದ್ದ ಸೆಟ್ಟುಗಳ ಜತೆ ಚಪ್ಪಟೆ ಮೂರು ಪಿನ್ನಿನ ಚಾರ್ಜರು ಇರುತ್ತಿತ್ತು. ನಮ್ಮ ಗುಂಡು ಪಿನ್ನಿನ ಗೋಡೆಗೆ ಅದು ಕೂರದು. ಅಡಾಪ್ಟರ್ ಮಾರುವುದೇ ಸಣ್ಣ ವ್ಯಾಪಾರವಾಯಿತು. ಅಡಾಪ್ಟರ್ ಸಿಗದವರು ತಂತಿ ತುರುಕಿ ಚಾರ್ಜು ಮಾಡಿ ಸೆಟ್ಟಿನ ಚಾರ್ಜಿಂಗ್ ಐಸಿಯನ್ನೇ ಸುಟ್ಟುಕೊಂಡು ಬರುತ್ತಿದ್ದರು. ಅದರ ಬೆನ್ನಿಗೆ ಚೈನಾ ಸೆಟ್ಟುಗಳ ಕಾಲ. ದೊಡ್ಡ ಸ್ಪೀಕರು, ಎರಡು ಸಿಮ್ಮು, ದಪ್ಪ ಬ್ಯಾಟರಿ. 2009ರ ನವೆಂಬರ್ ಕೊನೆಗೆ ಸರಿಯಾದ ಐಎಂಇಐ ಸಂಖ್ಯೆ ಇಲ್ಲದ ಸೆಟ್ಟುಗಳ ಕರೆ ನಿಲ್ಲಿಸಬೇಕೆಂದು ಸರಕಾರದ ಆದೇಶವಾದಾಗ ಅವುಗಳಲ್ಲಿ ಎಷ್ಟೋ ಒಂದೇ ರಾತ್ರಿಯಲ್ಲಿ ಬರೀ ಹಾಡಿನ ಪೆಟ್ಟಿಗೆಗಳಾದವು. ಅದಕ್ಕಿಂತ ಮುಂಚೆ, 2008ರಲ್ಲಿ, ಮೈಕ್ರೋಮ್ಯಾಕ್ಸ್ ಎಕ್ಸ್1ಐ ಬಂದಿತ್ತು. ಒಮ್ಮೆ ಚಾರ್ಜು ಮಾಡಿದರೆ ತಿಂಗಳು ಎಚ್ಚರವಿರುತ್ತದೆ ಎಂದೇ ಅದನ್ನು ಮಾರಿದರು. ಆಷಾಢದಲ್ಲಿ ಮರ ಬಿದ್ದು ಕರೆಂಟು ಹೋದರೆ ಹೆಸ್ಕಾಂನವರು ಗುಡ್ಡದಂಚಿನ ಮಜರೆಗಳಿಗೆ ತಲುಪಲು ದಿನಗಳೇ ಹಿಡಿಯುವ ಊರಿದು. ಇಲ್ಲಿ ಕ್ಯಾಮೆರಾ ಎಷ್ಟು ಎಂದು ಯಾರೂ ಕೇಳಲಿಲ್ಲ, ಬ್ಯಾಟರಿ ಎಷ್ಟು ದಿನ ಎಂದು ಕೇಳಿದರು.

ಮೊಬೈಲ್ ಕಾಪಾಡುವ ವಿದ್ಯೆಯನ್ನು ನಾನು ಕಲಿತದ್ದು ಮೀನುಗಾರರಿಂದ. ಪೌಚು, ಕವರು ಎಂಬ ಮಾತು ಊರಿಗೆ ಬರುವ ಮೊದಲೇ ಅವರು ಸೆಟ್ಟನ್ನು ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಾಯಿಗೆ ರಬ್ಬರ್ ಬ್ಯಾಂಡು ಬಿಗಿದು, ಅದನ್ನು ಬೀಡಿ-ಬೆಂಕಿಪೊಟ್ಟಣವಿಡುವ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡುತ್ತಿದ್ದರು. ಪ್ಲಾಸ್ಟಿಕ್ಕಿನ ಮೇಲಿಂದಲೇ ಗುಂಡಿ ಒತ್ತಿ, ಹತ್ತಿರದ ಕಾಸರಕೋಡಿನ ಬಂದರಲ್ಲಿ ಇವತ್ತು ಬಂಗಡೆಗೆ ಏನು ದರ ಎಂದು ದೋಣಿಯಿಂದಲೇ ಕೇಳುತ್ತಿದ್ದರು. ಕೇರಳದ ಮೀನುಗಾರರ ಬಗ್ಗೆ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮೊಬೈಲ್ ಬಂದ ಮೇಲೆ ದಡದಿಂದ ದಡಕ್ಕೆ ದರದ ಅಂತರ ಕಡಿಮೆಯಾಗಿ, ಮೀನು ಚೆಲ್ಲುವುದು ನಿಂತಿತೆಂದು ಅದು ತೋರಿಸಿತು. ಆ ಅಧ್ಯಯನ ಓದುವ ಮೊದಲೇ ನಾನು ಈ ಬದಲಾವಣೆಯನ್ನು ಇಲ್ಲಿ ಕಣ್ಣಾರೆ ಕಂಡಿದ್ದೆ. ಅದಕ್ಕೇ ನಮ್ಮ ಮೀನುಗಾರರ ಸೆಟ್ಟು ಬಂದರೆ ಬೇರೆ ಕೆಲಸ ಬದಿಗಿಟ್ಟು ಮೊದಲು ಅದನ್ನು ತೆಗೆದುಕೊಳ್ಳುತ್ತಿದ್ದೆ. ಮಳೆಯ ನೀರಿಗೂ ಕಡಲ ನೀರಿಗೂ ಇರುವ ವ್ಯತ್ಯಾಸ ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಉಪ್ಪು ನೀರು ವಿದ್ಯುತ್ತನ್ನು ಚೆನ್ನಾಗಿ ಹಾಯಿಸುತ್ತದೆ. ಬ್ಯಾಟರಿ ಒಳಗಿರುವವರೆಗೆ ಬೋರ್ಡಿನ ಮೇಲೆ ಆ ನೀರು ಕರೆಂಟನ್ನು ಸಿಕ್ಕ ಕಡೆಗೆ ಒಯ್ದು ತಾಮ್ರದ ಗೆರೆಗಳನ್ನು ಕರಗಿಸುತ್ತದೆ. ಗಂಟೆಗಳ ಲೆಕ್ಕದಲ್ಲಿ ಹಸಿರು ಕಿಲುಬು ಏಳುತ್ತದೆ. ಬ್ಯಾಟರಿ ಕಿತ್ತು, ಬೋರ್ಡನ್ನು ಶುದ್ಧ ನೀರಿನಲ್ಲಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆದರೆ ಉಳಿಯುವ ಸಾಧ್ಯತೆ ಇದೆ. ಅಕ್ಕಿಯ ಡಬ್ಬಿಯಲ್ಲಿ ಹುಗಿದಿಟ್ಟು ಮೂರನೆಯ ದಿನ ತಂದರೆ ಉಳಿಯುವುದು ಕಷ್ಟ. ಅಕ್ಕಿ ಒಳಗಿನ ಉಪ್ಪನ್ನು ತೆಗೆಯುವುದಿಲ್ಲ, ಅದರ ಹಿಟ್ಟು ಚಾರ್ಜಿಂಗ್ ಜಾಕಿನಲ್ಲಿ ಅಂಟಿಕೊಳ್ಳುತ್ತದೆ. ಒದ್ದೆ ಫೋನನ್ನು ಅಕ್ಕಿಯಲ್ಲಿಡಬೇಡಿ ಎಂದು 2024ರಲ್ಲಿ ಆ್ಯಪಲ್ ಕಂಪನಿಯೂ ಹೇಳಿತು. ನಮ್ಮ ಊರಿನ ಕುಚ್ಚಲಕ್ಕಿಯ ಡಬ್ಬಿಗಳಿಗೆ ಆ ಮಾತು ಇನ್ನೂ ತಲುಪಿಲ್ಲ.

2014ರ ನಂತರ ಶವೊಮಿಯಂಥ ಅಗ್ಗದ ಸ್ಮಾರ್ಟ್‌ಫೋನುಗಳು, 2016ರ ಸೆಪ್ಟೆಂಬರ್‌ನಲ್ಲಿ ಜಿಯೊ. ಅದೇ ಕಾಲದಲ್ಲಿ ಹೆದ್ದಾರಿ ಚತುಷ್ಪಥವಾಗತೊಡಗಿ ರಸ್ತೆಯಂಚಿನ ಸಾಲು ಅಂಗಡಿಗಳು ಹಿಂದೆ ಸರಿದವು. ನನ್ನದೂ ಒಳಗಡೆಯ ಚಿಕ್ಕ ಕೋಣೆಗೆ ಬಂತು. ಅಲ್ಲಿ ಮೇಜು ಹಾಕುವಷ್ಟರಲ್ಲಿ ಕಸುಬೇ ಬದಲಾಗಿತ್ತು. ಸಾಲ್ಡರಿಂಗ್ ಕಡ್ಡಿಯ ಜಾಗಕ್ಕೆ ಬಿಸಿಗಾಳಿಯ ಯಂತ್ರ, ಭೂತಗನ್ನಡಿಯ ಜಾಗಕ್ಕೆ ಮೈಕ್ರೋಸ್ಕೋಪು. ಹಿಂದಿನ ಮುಚ್ಚಳ ಅಂಟಿನಿಂದ ಮುಚ್ಚಿಹೋಯಿತು. ಬ್ಯಾಟರಿ ನೋಡಬೇಕೆಂದರೆ ಗಾಜನ್ನು ಬಿಸಿಮಾಡಿ, ತೆಳು ತಗಡು ಹೊಗಿಸಿ, ಉಸಿರು ಬಿಗಿಹಿಡಿದು ಬಿಡಿಸಬೇಕು. ಡಿಸ್ಪ್ಲೇ ಒಡೆದರೆ ಸೆಟ್ಟಿನ ಬೆಲೆಯ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಜನ ರಿಪೇರಿಗಿಂತ ರಕ್ಷಣೆಗೆ ಖರ್ಚು ಮಾಡತೊಡಗಿದರು. ಟೆಂಪರ್ಡ್ ಗಾಜು ಹೊಡೆತವನ್ನು ತಾನು ತಿಂದು ಒಡೆಯುತ್ತದೆ, ಕೆಳಗಿನ ಗಾಜು ಉಳಿಯುತ್ತದೆ. ಅದನ್ನು ನಾನು ಮನಸ್ಸಿಟ್ಟು ಮಾರುತ್ತೇನೆ. ದಪ್ಪ ರಬ್ಬರಿನ ಪೌಚಿನ ಬಗ್ಗೆ ನನಗೆ ಅಷ್ಟು ನಂಬಿಕೆಯಿಲ್ಲ. ಬಿದ್ದಾಗ ಕಾಪಾಡುತ್ತದೆ ನಿಜ. ಆದರೆ ಏಪ್ರಿಲ್-ಮೇ ಸೆಖೆಯಲ್ಲಿ ಅದನ್ನು ಹಾಕಿಯೇ ಚಾರ್ಜಿಗಿಟ್ಟರೆ ಬಿಸಿ ಒಳಗೇ ನಿಲ್ಲುತ್ತದೆ. ಅದರ ಸಂದಿಯಲ್ಲಿ ಬೆವರು, ಉಪ್ಪು, ತೇವ ಸೇರಿ ಕೀಲಿಗಳ ಅಂಚು ಕೊರೆಯುತ್ತದೆ. ವಾರಕ್ಕೊಮ್ಮೆ ಪೌಚು ಕಳಚಿ ಒರೆಸಿ ಎಂದು ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಬ್ಯಾಟರಿಯ ದೂರೂ ಬದಲಾಯಿತು. ಚಿತ್ತಾರದ, ಹಳೆಮಠದ ಒಳ ಮಜರೆಗಳಿಂದ ಬರುವವರು ಹೇಳುವುದು ಒಂದೇ: ‘ಪ್ಯಾಟೆಗೆ ಬಂದಾಗ ಚಾರ್ಜು ನಿಲ್ಲುತ್ತದೆ, ಮನೆಯಲ್ಲಿ ಅರ್ಧ ದಿನಕ್ಕೆ ಖಾಲಿ.’ ಅವರ ಬ್ಯಾಟರಿಯಲ್ಲಿ ದೋಷವಿರುವುದಿಲ್ಲ. ಟವರು ದೂರವಿದ್ದಷ್ಟೂ ಫೋನು ಹೆಚ್ಚು ಶಕ್ತಿ ಹಾಕಿ ಕೂಗಬೇಕು, ಸಿಗ್ನಲ್ಲಿಗಾಗಿ ಸದಾ ಹುಡುಕಬೇಕು. ಆ ಹುಡುಕಾಟಕ್ಕೇ ಚಾರ್ಜು ಸೋರುತ್ತದೆ. ರಾತ್ರಿ ಮಲಗುವಾಗ ಏರೋಪ್ಲೇನ್ ಗುರುತು ಒತ್ತಿ ಎಂದರೆ, ಗಲ್ಫಿನಿಂದ ಮಗನ ಕರೆ ಬಂದರೆ ಎಂಬ ಪ್ರಶ್ನೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

2021ರ ಮೇ ತಿಂಗಳಂಥ ದಿನಗಳನ್ನು ನಾನು ಮತ್ತೆ ಕಾಣಬಾರದು. ಲಾಕ್‌ಡೌನು, ಅದರ ಮೇಲೆ ತೌಕ್ತೆ ಚಂಡಮಾರುತ. ಕಂಬಗಳು ಉರುಳಿ ಕರೆಂಟಿಲ್ಲ. ಆಸ್ಪತ್ರೆಯಲ್ಲಿದ್ದವರ ಸುದ್ದಿ ತಿಳಿಯುವುದೂ ಫೋನಿನಿಂದಲೇ, ಪರವೂರಿನಲ್ಲಿ ಸಿಕ್ಕಿಬಿದ್ದವರ ಮುಖ ಕಾಣುವುದೂ ಅದರಲ್ಲೇ. ಅಂಗಡಿಯ ಕದ ಅರ್ಧ ಇಳಿಸಿ, ಇನ್ವರ್ಟರಿಗೆ ಉದ್ದದ ಎಕ್ಸ್‌ಟೆನ್ಶನ್ ಬೋರ್ಡು ಸಿಕ್ಕಿಸಿ, ಬಂದವರ ಫೋನುಗಳನ್ನು ಸಾಲಾಗಿ ಚಾರ್ಜಿಗಿಟ್ಟೆ. ದುಡ್ಡು ಚಾಚಿದವರಿಂದ ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ. ಮಳೆಗಾಲ ಹಿಡಿದ ಮೇಲೆ ಆನ್‌ಲೈನ್ ಪಾಠ ನಡೆಯಿತು. ಮನೆಗೆ ಒಂದೇ ಫೋನು, ಇಬ್ಬರು ಮೂವರು ಮಕ್ಕಳು. ಗುಡ್ಡದ ಮೇಲೆ ಕೊಡೆ ಹಿಡಿದು ಕುಳಿತು ಪಾಠ ಕೇಳಿದ ಮಕ್ಕಳ ಫೋನುಗಳು ನೀರು ಕುಡಿದು ಬಂದವು. ತಾಯಂದಿರು ಅವನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದು ಮೇಜಿನ ಮೇಲಿಡುತ್ತಿದ್ದರು. ಒಂದು ಫೋನು ಇನ್ನೊಂದು ವರ್ಷ ಬಾಳುವುದೆಂದರೆ ಏನೆಂದು ನನಗೆ ಆ ಮುಖಗಳನ್ನು ನೋಡಿ ಗೊತ್ತಾಯಿತು.

ಮರುವರ್ಷ ಆಗಸ್ಟ್ 2ರಂದು ಭಟ್ಕಳದಲ್ಲಿ ಮಹಾಮಳೆ. ಒಂದೇ ದಿನದಲ್ಲಿ 500 ಮಿ.ಮೀ.ಗೂ ಮಿಕ್ಕಿ ಸುರಿದು, ಮುಟ್ಟಳ್ಳಿಯಲ್ಲಿ ಗುಡ್ಡ ಜರಿದು ಒಂದೇ ಮನೆಯ ನಾಲ್ವರು ಹೋದರು. ಪೇಟೆಯ ಅಂಗಡಿಗಳಿಗೆ ನೀರು ನುಗ್ಗಿತು. ಆಮೇಲೆ ಕೆಲವು ದಿನ ಕೆಸರು ಮೆತ್ತಿದ ಫೋನುಗಳು ಮಂಕಿಗೂ ಬಂದವು. ಅವುಗಳಲ್ಲಿ ಐಪಿ68 ಎಂದು ಬರೆದವೂ ಇದ್ದವು. ಆ ಸಂಖ್ಯೆಯ ಪರೀಕ್ಷೆ ನಡೆಯುವುದು ಹೊಸ ಫೋನನ್ನು ತಿಳಿ ಸಿಹಿನೀರಿನಲ್ಲಿ ನಿಲ್ಲಿಸಿ. ಎರಡು ಬೇಸಿಗೆ ಕಂಡು ಅಂಟು ಒಣಗಿದ, ಒಮ್ಮೆ ಬಿದ್ದು ಚೌಕಟ್ಟು ಕೂದಲೆಳೆಯಷ್ಟು ಬಾಗಿದ ಫೋನಿಗೆ ಆ ಭರವಸೆ ಉಳಿಯುವುದಿಲ್ಲ. ಕೆಸರಿನ ನೀರಿಗೂ ಕಡಲ ನೀರಿಗೂ ಅದು ಮೊದಲೇ ಅನ್ವಯಿಸದು. ಒಳಗೊಂದು ಪುಟ್ಟ ಬಿಳಿ ಚೀಟಿ ಅಂಟಿಸಿರುತ್ತಾರೆ. ನೀರು ತಾಗಿದರೆ ಅದು ಕೆಂಪಾಗುತ್ತದೆ, ಕೆಂಪಾದರೆ ವಾರಂಟಿ ಇಲ್ಲ. ಆ ಚೀಟಿಯನ್ನು ಗಿರಾಕಿಗೆ ತೋರಿಸುವುದು ನನ್ನ ಕೆಲಸದಲ್ಲಿ ನನಗೆ ಬೇಡವಾದ ಭಾಗ.

ಈಗ ನನ್ನ ಬಳಿ ಕಲಿಯಲು ಬರುವ ಹುಡುಗರಿಗೆ ಮೊದಲು ಕಲಿಸುವುದು ಬ್ಯಾಟರಿಯನ್ನು ಹೆದರದೆ, ಆದರೆ ಗೌರವದಿಂದ ಮುಟ್ಟುವುದನ್ನು. ಉಬ್ಬಿದ್ದನ್ನು ಒತ್ತಬಾರದು, ಚುಚ್ಚಬಾರದು, ಒಲೆಗೆ ಎಸೆಯಬಾರದು, ಮರಳು ತುಂಬಿದ ಡಬ್ಬಿಯಲ್ಲಿ ಬೇರೆಯಾಗಿಡಬೇಕು. ಗಿರಾಕಿಗಳಿಗೆ ಹೇಳುವುದು ಇಷ್ಟೇ: ಲಿಥಿಯಂಗೆ ಬಿಸಿಯೂ ಆಗದು, ತುಂಬಿದ ಹೊಟ್ಟೆಯಲ್ಲಿ ಬಹಳ ಹೊತ್ತು ಇರುವುದೂ ಆಗದು. ಚಾರ್ಜನ್ನು ಶೇಕಡಾ ಇಪ್ಪತ್ತಕ್ಕಿಂತ ಕೆಳಗಿಳಿಸದೆ, ಎಂಬತ್ತರ ಆಸುಪಾಸಿನಲ್ಲಿ ನಿಲ್ಲಿಸಿದರೆ ಅದು ಹೆಚ್ಚು ಕಾಲ ಬಾಳುತ್ತದೆ. ದಿಂಬಿನಡಿ ಇಟ್ಟು ಚಾರ್ಜು ಮಾಡಬೇಡಿ. ರಿಕ್ಷಾದ ಗಾಜಿನ ಹಿಂದೆ ಬಿಸಿಲಿಗೆ ಇಡಬೇಡಿ.

ನನ್ನ ಕಷ್ಟ ಒಳ್ಳೆಯ ಬ್ಯಾಟರಿಯದ್ದು. ಹುಬ್ಬಳ್ಳಿ, ಮಂಗಳೂರಿನಿಂದ ತರಿಸಿದರೆ ಒಂದೇ ಮೊಹರಿನ ಎರಡರಲ್ಲಿ ಒಂದು ಎರಡು ವರ್ಷ ಬಾಳುತ್ತದೆ, ಇನ್ನೊಂದು ಆರು ತಿಂಗಳಿಗೆ ಉಬ್ಬುತ್ತದೆ. ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಜಾರಿಯಾಗಿದೆ. ಫೋನಿನ ಬ್ಯಾಟರಿ 800 ಸಲ ತುಂಬಿ ಖಾಲಿಯಾದ ಮೇಲೂ ಶೇ. 80ರಷ್ಟು ಶಕ್ತಿ ಉಳಿಸಿಕೊಂಡಿರಬೇಕು, ಮಾರಾಟ ನಿಂತ ಮೇಲೂ 7 ವರ್ಷ ಬಿಡಿಭಾಗ ಸಿಗಬೇಕು. ನಮ್ಮಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಪೋರ್ಟಲ್ ತೆರೆಯಿತು. ಕಂಪನಿಯ ಅಸಲಿ ಬ್ಯಾಟರಿ, ಅಸಲಿ ಅಂಟು, ಬಿಚ್ಚುವ ವಿಧಾನದ ಚಿತ್ರ ಮಂಕಿಯಂಥ ಊರಿನ ಮೇಜಿಗೂ ಸರಿಯಾದ ದರದಲ್ಲಿ ಸಿಗಬೇಕೆಂದು ನಾನು ಕೇಳುತ್ತಿದ್ದೇನೆ. ಸಿಕ್ಕರೆ ಅನಂತವಾಡಿಯಿಂದ ಬರುವವರು ಹೊಸ ಫೋನಿನ ಕಂತಿಗೆ ಸಹಿ ಹಾಕುವ ಬದಲು ಹಳೆಯದಕ್ಕೇ ಹೊಸ ಬ್ಯಾಟರಿ ಹಾಕಿಸಿಕೊಂಡು ಹೋಗುತ್ತಾರೆ, ಹುಡುಗರಿಗೆ ವರ್ಷವಿಡೀ ಕೆಲಸವಿರುತ್ತದೆ. ಜೂನ್ ಬಂದರೆ ಹಸಿರುಗಟ್ಟಿದ ಬೋರ್ಡುಗಳು ಹೇಗೂ ಇದ್ದೇ ಇವೆ.